ಅತ್ತೆಯ ಕೈತುತ್ತು

ಮದುವೆಯಾದ ಹೊಸತರಲ್ಲಿ ಅತ್ತೆ ಮುದ್ದೆಕೋಲಿನಿಂದ ಬಾರಿಸಿ ಮುರಿದಿದ್ದ ಮಣಿಕಟ್ಟು ಚೆಲುವಿಗೆ ಇವತ್ತಿಗೂ ನೋಯುತ್ತಿತ್ತು. ಹಾಗಾಗಿ, "ಆ ಕೊಲೆಸ್ಟ್ರಾಲ್ ಮಾತ್ರೆ ಮೂಳೇನೇ ತಿಂದಾಕ್ತದಂತೆ ಕಣವ್ವ" ಎಂದು ಪಕ್ಕದ ಮನೆಯವಳು ಹೇಳಿದಾಗ ಅವಳ ಹೊಟ್ಟೆ ತಣ್ಣಗಾಯಿತು. ಮಾತ್ರೆ ತಿನ್ನಬೇಕಾದ ಅತ್ತೆ ಅಲ್ಲೇ ಗೋಡೆಗೊರಗಿ ತೂಕಡಿಸುತ್ತಿದ್ದಳು.

ಅಂದಿನಿಂದ ಚೆಲುವಿ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

"ತಗಳಿ ಅತ್ತೆಮ್ಮ, ನಿಮ್ಮ ಮಾತ್ರೆ."

"ಕೈಗೆ ಕೊಡು, ಉಂಡ್ಕಂಡು ನುಂಗ್ತೀನಿ."

ಮೂಳೆಗಿಂತ ಮೊದಲು ಮುದುಕಿಯೇ ಮೆತ್ತಗಾದಳು. ತನ್ನ ತಟ್ಟೆಯ ಮುದ್ದೆ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ ಸೊಸೆಯ ಬಾಯಿಗಿಡತೊಡಗಿದಳು.

"ಅಗೀಬ್ಯಾಡ, ಹಂಗೇ ನುಂಗವ್ವ."

ಈಗ ಓಲೈಸಿದರೆ ಏನು ಬಂತು ಎಂದುಕೊಂಡು ಚೆಲುವಿ ನುಂಗುತ್ತಿದ್ದಳು.

ಆರು ತಿಂಗಳ ಮೇಲೆ ಡಾಕ್ಟರು ಇಬ್ಬರ ರಕ್ತಪರೀಕ್ಷೆಯನ್ನೂ ನೋಡಿ ತಲೆ ಕೆರೆದುಕೊಂಡರು. "ಅಜ್ಜಿಗೆ ಕೊಲೆಸ್ಟ್ರಾಲ್ ಚೂರೂ ಇಳಿದಿಲ್ಲ. ಹೋದ ಸಲ ನಿಮಗೂ ಜಾಸ್ತಿ ಇತ್ತಲ್ಲಮ್ಮ, ಚೆನ್ನಾಗಿ ಇಳಿದಿದೆ. ನೀವೂ ಇದೇ ಮಾತ್ರೆ ತಗೊಳ್ತಿದ್ದೀರಾ?"

ಚೆಲುವಿ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದಕ್ಕೆ ಬಾಗಿದಳು.

"ಅದಿರ್ಲಿ ಸ್ವಾಮಿ, ಇವಳ ಮೂಳೆ ಹೆಂಗವೆ, ಅದ ಹೇಳಿ."