ಅಕ್ಕನನ್ನು ದ್ವೀಪದಲ್ಲಿ ನೋಡಿದ್ದು

ದೋಣಿಯ ಡೀಸೆಲ್ ವಾಸನೆ ಬಂದರೆ ಈಗಲೂ ನನಗೆ ಮಲ್ಪೆಯ ಎದುರಿನ ಆ ದ್ವೀಪ ನೆನಪಾಗುತ್ತದೆ.

ನಾನಾಗ ಚಿಕ್ಕವಳು. ಅಕ್ಕನಿಗೆ ಒಂದು ಕಾಲು ಗಿಡ್ಡ. ಕಾರ್ಕಳದ ಗಂಡಿನವರಿಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಹೆಣ್ಣು ನೋಡುವುದು ಬೇಡ, ಎಲ್ಲರೂ ದ್ವೀಪಕ್ಕೆ ಹೋಗುವ ಎಂದು ಅಮ್ಮನೇ ಹೇಳಿಕಳಿಸಿದ್ದಳು. ಅಕ್ಕನ ಗೆಳತಿಯರನ್ನೂ ಕರೆದುಕೊಂಡು ನಾವು ಮೊದಲ ದೋಣಿಯಲ್ಲೇ ಹೋದೆವು. ಅಮ್ಮ ಅಕ್ಕನನ್ನು ಕಪ್ಪು ಕಲ್ಲಿನ ಮೇಲೆ ಕೂರಿಸಿ, ಸೀರೆ ಎಳೆದು ಕಾಲು ಮುಚ್ಚಿದಳು. "ಏಳಬೇಡ" ಎಂದಳು.

ಗಂಡಿನವರು ಬಂದರು. ಮಾತು, ನಗು ಎಲ್ಲ ಆಯಿತು. ಗಂಡಿನ ತಂಗಿ ನೀರಿಗಿಳಿದು ಕರೆದಳು. "ಬನ್ನಿ ಅತ್ತಿಗೆ, ಎಂತ ಕಲ್ಲಿಗೆ ಅಂಟಿದ್ದೀರಿ?"

"ಅವಳಿಗೆ ಶೀತ ಉಂಟು ಮಾರಾಯ್ತಿ" ಎಂದಳು ಅಮ್ಮ. ಗೆಳತಿಯರು ತಲೆ ತಗ್ಗಿಸಿದರು.

ಅಕ್ಕ ಎದ್ದಳು. ಕುಂಟುತ್ತಾ ನೀರಿನವರೆಗೆ ಹೋದಳು, ಕುಂಟುತ್ತಲೇ ತಿರುಗಿ ಬಂದು ಗಂಡಿನ ತಾಯಿಯ ಎದುರು ನಿಂತಳು. "ನಾನು ನಡೆಯುವುದು ಹೀಗೆ. ನೀವು ನೋಡಲಿಕ್ಕೆ ಬಂದದ್ದಲ್ವಾ? ನೋಡಿ."

ಅಮ್ಮ ಎಲೆಯಲ್ಲಿ ಬೇಯಿಸಿ ತಂದಿದ್ದ ಮೂಡೆ ಹಂಚಿದಳು. ಅಕ್ಕ ಹೊಟ್ಟೆ ತುಂಬ ತಿಂದಳು. ಗಂಡಿನ ತಾಯಿಯೂ ಒಂದು ತೆಗೆದುಕೊಂಡರು, ಆದರೆ ಎಲೆ ಬಿಡಿಸಲಿಲ್ಲ. ದೋಣಿ ಹತ್ತುವಾಗಲೂ ಅದು ಅವರ ಕೈಯಲ್ಲೇ ಇತ್ತು.