ಸಮುದ್ರಕ್ಕೆ ಅರಿಸಿನ ಕುಂಕುಮ

ಜಯನಗರದ ಮಾರುಕಟ್ಟೆಯಲ್ಲಿ ಈಗಲೂ ಎಲ್ಲಾದರೂ ಕೇದಗೆ ಹೂವಿನ ವಾಸನೆ ಬಂದರೆ, ತರಕಾರಿ ಚೀಲ ಹಿಡಿದುಕೊಂಡೇ ಒಂದು ಕ್ಷಣ ನಿಂತುಬಿಡುತ್ತೇನೆ.

ಆ ಮಧ್ಯಾಹ್ನ ನಾವಿದ್ದದ್ದು ಕುಮಟಾದ ಆಚೆ, ಸಮುದ್ರದೊಳಕ್ಕೆ ಚಾಚಿಕೊಂಡಿದ್ದ ಒಂದು ಗುಡ್ಡದ ತುದಿಯಲ್ಲಿ. ನನ್ನ ಕಾನ್ವೆಂಟಿಗೆ ದಸರಾ ರಜೆ. ಅಪ್ಪ, ಅಜ್ಜಿ, ನಾನು ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒರಟು ಕೆಂಪು ಕಲ್ಲು, ಕೇದಗೆಯ ಮುಳ್ಳುಪೊದೆ, ತುಂಬ ಕೆಳಗೆ ನೀರು.

ಯಡಿಯೂರು ಕೆರೆ ಪಕ್ಕದ ಸೊಪ್ಪಿನ ತೋಟವನ್ನು ಅಪ್ಪ ಮಾರಿದ ಮೇಲೆ ಅಜ್ಜಿ ಮಗನೊಂದಿಗೆ ಮಾತು ಬಿಟ್ಟು ವರ್ಷವಾಗಿತ್ತು. ಇಬ್ಬರೂ ಏನಿದ್ದರೂ ನನ್ನ ಮೂಲಕವೇ ಹೇಳಿಸುತ್ತಿದ್ದರು.

ಅಜ್ಜಿ ಸಮುದ್ರ ನೋಡಿದ್ದು ಅದೇ ಮೊದಲು. ಕೆರೆಗೆ ಕೊಡುತ್ತಿದ್ದಂತೆ ಇದಕ್ಕೂ ಅರಿಸಿನ ಕುಂಕುಮ ಕೊಡಬೇಕೆಂದು ಸೆರಗಿನ ತುದಿಯಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ನೋಡಿದರೆ ಇಳಿಯಲು ದಾರಿಯೇ ಇಲ್ಲ.

“ನಿಮ್ಮಪ್ಪಂಗೆ ಹೇಳು, ಎಂಥಾ ಜಾಗಕ್ಕೆ ಕರ್ಕೊಂಡ್ ಬಂದವ್ನೆ ಅಂತ. ಗಂಗಮ್ಮನ್ನ ದೂರದಿಂದ ನೋಡ್ಕೊಂಡು ಹಂಗೇ ವಾಪಸ್ ಹೋಗದಾ?”

ನಾನು ಹೇಳುವ ಮೊದಲೇ ಅಪ್ಪ ಪೊಟ್ಟಣ ಇಸಿದುಕೊಂಡು, ಪ್ಯಾಂಟು ಮಡಚಿ, ಬಂಡೆ ಹಿಡಿದು ಇಳಿದರು. ಅರಿಸಿನ ನೀರಿಗೆ ಬಿದ್ದದ್ದು ಕಂಡಿತು. ಮರುಕ್ಷಣ ಅಲೆಯೊಂದು ಎದ್ದು ಅವರನ್ನೇ ಮುಚ್ಚಿತು.

“ಸಾಕು, ಬಾರೋ ಮೇಲೆ,” ಎಂದು ಅಜ್ಜಿ ಕೂಗಿದರು.

ಬಂಡೆ ತಬ್ಬಿಕೊಂಡಿದ್ದ ಅಪ್ಪ ನಿಧಾನವಾಗಿ ಹತ್ತಿ ಬಂದರು. ಮಂಡಿ ತರಚಿತ್ತು, ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಭ್ಯಾಸದಂತೆ ನನ್ನ ಕಡೆಗೇ ತಿರುಗಿದರು.

“ಅಜ್ಜಿಗೆ ಹೇಳು ಪುಟ್ಟಿ, ಕೊಟ್ಟೆ ಅಂತ.”

ಅಜ್ಜಿ ಆಗಲೇ ಸೆರಗಿನಿಂದ ಅವರ ತಲೆ ಒರೆಸುತ್ತಿದ್ದರು.

“ನಂಗೇ ಹೇಳೋ. ಕಿವಿ ಕೇಳ್ಸ್ತದೆ ನಂಗೆ.”