ರಾಜನ ಮೇಜಿಗೆ ತೋರ್ತಿಯಾ

"ತೋರ್ತಿಯಾ ಅಂದ್ರೆ ರಾಜನ ಊಟದ ಮೇಜಿಗೆ ಇಡೋವಂಥ ಪದಾರ್ಥಾನಾ?" ಎಂದು ಯೆಹೂದಿ ಧರ್ಮಗುರು ರಬ್ಬಿ ನಿಸ್ಸಿಮ್ ಕೇಳಿದಾಗ, ಆ ತೆಳು ರೊಟ್ಟಿಗೆ ಮೆಕ್ಕೆಜೋಳದ ಹಿಟ್ಟು ನಾದುತ್ತಿದ್ದ ತೊಮಾಸಾಳ ಕೈ ನಿಂತಿತು.

ಮನೆಯ ಯಜಮಾನಿ ಸರೀನಾ ಅಡುಗೆಮನೆಯ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದಳು. ವಯಸ್ಸು ಎಪ್ಪತ್ತೆಂಟು. ದಿನಾ ಬೆಳಗ್ಗೆ ಮಹಡಿಯಿಂದ ಹದಿನೇಳು ಮೆಟ್ಟಿಲು ಇಳಿದು ಬಂದು ಒಲೆ ಹಚ್ಚಿ, ಮೊದಲ ತೋರ್ತಿಯಾವನ್ನು ತನ್ನ ಕೈಯಾರೆ ಹೆಂಚಿನ ಮೇಲೆ ಹಾಕುವಳು. ಅಡುಗೆಗೆ ಯೆಹೂದಿಯ ಕೈ ಸೋಕಲೇಬೇಕು, ಒಲೆ ಹಚ್ಚಿದರೂ ಸಾಕು ಎಂಬುದು ಅವಳ ಧರ್ಮದ ಕಟ್ಟಳೆ. ಉಳಿದದ್ದೆಲ್ಲ ಮನೆಗೆಲಸದ ತೊಮಾಸಾಳದು; ಅವಳು ಮೆಕ್ಸಿಕೋದ ಪುಯೆಬ್ಲಾ ಸೀಮೆಯ ಬೆಟ್ಟದ ಕಡೆಯವಳು, ಕ್ರೈಸ್ತ ಹೆಂಗಸು. ಹೋದ ವಾರ ಸರೀನಾ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಹೆದರಿದ ಮಗಳು, ಇದಕ್ಕೇನಾದರೂ ದಾರಿ ಹುಡುಕಿ ಎಂದು ರಬ್ಬಿಯನ್ನು ಕಳಿಸಿದ್ದಳು.

"ಈ ಕಟ್ಟಳೆ ಎಲ್ಲ ಅಡುಗೆಗೂ ಇಲ್ಲ ಸೆನ್ಯೋರಾ," ಎಂದ ರಬ್ಬಿ ಯಜಮಾನಿಯತ್ತ ತಿರುಗಿ. "ರಾಜನ ಮುಂದೆ ಇಡೋವಂಥದ್ದಕ್ಕೆ ಮಾತ್ರ. ನಿಮ್ಮ ಮೊಮ್ಮಗನ ಮದುವೇಲಿ ತೋರ್ತಿಯಾ ಬಡಿಸಿದ್ರಾ?"

"ಮದುವೇಲಿ ಯಾರು ಬಡಿಸ್ತಾರೆ ಇದನ್ನ? ಮೀನಿತ್ತು, ಕುರಿಮಾಂಸ ಇತ್ತು, ಪಿಸ್ತಾ ಹಾಕಿದ ಅನ್ನ ಇತ್ತು."

"ಮುಗೀತಲ್ಲ ಹಾಗಾದ್ರೆ. ಇದು ಬಡವರ ತಿಂಡಿ. ನಾಳೆಯಿಂದ ತೊಮಾಸಾನೇ ಒಲೆ ಹಚ್ಚಲಿ, ನೀವು ಹಾಯಾಗಿ ಮಲಗಿ."

"ಯಾವ ರಾಜ?" ಎಂದಳು ತೊಮಾಸಾ, ಹಿಟ್ಟಿನಿಂದ ತಲೆಯೆತ್ತದೆ.

"ಏನಮ್ಮ?"

"ಆ ರಾಜ ಯಾವೂರೋನು ಅಂತ ಕೇಳ್ದೆ."

ರಬ್ಬಿ ನಕ್ಕ. ಇನ್ನೂ ಇಪ್ಪತ್ತೆಂಟರ ಹುಡುಗ. ಜೆರೂಸಲೇಮಿನಲ್ಲಿ ಆರು ವರ್ಷ ಓದಿ ಮೆಕ್ಸಿಕೋ ನಗರಕ್ಕೆ ಮರಳಿ ಮೂರು ತಿಂಗಳಾಗಿತ್ತು. "ಯಾವೂರೋನಾದ್ರೂ ಸರಿ. ಅದೊಂದು ಅಳತೆ ಅಷ್ಟೆ."

"ಹಂಗಾದ್ರೆ ಈ ಊರಿನ ರಾಜ್ರು ಲೆಕ್ಕಕ್ಕಿಲ್ವಾ? ಸ್ಪೇನಿನೋರು ಹಡಗು ಹತ್ತಿ ಬರೋಕ್ ಮುಂಚೆ ಇಲ್ಲೂ ರಾಜ್ರಿದ್ರಲ್ಲ. ಆಗ ಗೋಧಿ ಅನ್ನೋದೇ ಇರ್ಲಿಲ್ಲ. ಮತ್ತೆ ಅವ್ರೇನು ಗಾಳಿ ತಿಂದ್ಕೊಂಡಿದ್ರಾ?"

ಸರೀನಾ ಮಂಡಿ ನೋವು ಮರೆತು ನಕ್ಕುಬಿಟ್ಟಳು. ರಬ್ಬಿ ನಗಲಿಲ್ಲ. ಕಪ್ಪು ಹ್ಯಾಟು ತೆಗೆದು ಮೇಜಿನ ಮೇಲಿಟ್ಟು, ತಲೆಗಂಟಿದ ಪುಟ್ಟ ಟೋಪಿಯನ್ನು ಸರಿಪಡಿಸಿಕೊಂಡು, ಆ ಹಿಟ್ಟಿನ ಮುದ್ದೆಯತ್ತ ಬಾಗಿ ನೋಡಿದ. ಇಂಥ ಪ್ರಶ್ನೆಯನ್ನು ಜೆರೂಸಲೇಮಿನಲ್ಲಿ ಯಾರೂ ಕೇಳಿರಲಿಲ್ಲ. "ಎಲ್ಲಿ, ಒಂದು ಮಾಡಿ ತೋರಿಸಿ. ಒಲೆ ನಾನೇ ಹಚ್ತೀನಿ," ಎಂದ.

ತೊಮಾಸಾ ನಿಂಬೆಗಾತ್ರದ ಉಂಡೆ ಹಿಡಿದು ಎರಡೂ ಅಂಗೈಗಳ ನಡುವೆ ಪಟಪಟನೆ ತಟ್ಟಿದಳು. ಹೆಂಚಿಗೆ ಹಾಕಲು ಹೋಗಿ ರಬ್ಬಿ ಬೆರಳು ಹಿಂದಕ್ಕೆಳೆದುಕೊಂಡ. ತೋರ್ತಿಯಾ ಮಡಚಿಕೊಂಡು ಬಿತ್ತು.

"ಮೆಲ್ಲಗೆ ಮಲಗಿಸ್ಬೇಕು ರಬ್ಬೀ. ಕಚ್ಚಲ್ಲ ಅದು."

ಎರಡನೆಯದು ನೆಟ್ಟಗೆ ಕೂತಿತು. ತಿರುವಿ ಹಾಕಿದಾಗ ಉಸಿರು ತುಂಬಿಕೊಂಡಂತೆ ಉಬ್ಬಿತು. ಸುಣ್ಣದ ನೀರಲ್ಲಿ ಬೆಂದ ಜೋಳದ ಕಾಳಿನ ಘಮ ಅಡುಗೆಮನೆಯಲ್ಲೆಲ್ಲ ಹರಡಿತು. ತೊಮಾಸಾ ಉಪ್ಪು ಚಿಮುಕಿಸಿ ಸುರುಳಿ ಸುತ್ತಿ ಕೊಟ್ಟಳು. ರಬ್ಬಿ ಕಣ್ಣುಮುಚ್ಚಿ ಮೆಲ್ಲಗೆ ಪ್ರಾರ್ಥನೆ ಹೇಳಿ ಕಚ್ಚಿದ. ಕಣ್ಣು ತೆರೆಯುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು. ಮತ್ತೊಂದು ಕೇಳಿದ. ಆಮೇಲೆ ಕೇಳದೆಯೇ ಇನ್ನೊಂದು ತೆಗೆದುಕೊಂಡ.

"ನಾನು ಹೇಳಿದ್ದು ತಪ್ಪು," ಎಂದ ಕೈ ಒರೆಸಿಕೊಳ್ಳುತ್ತ. "ಇದು ರಾಜನ ಮೇಜಿಗೆ ಹೋಗೋವಂಥದ್ದೇ. ಒಲೆ ನೀವೇ ಹಚ್ಚಬೇಕು ಸೆನ್ಯೋರಾ."

ಅರಳಿದ್ದ ತೊಮಾಸಾಳ ಮುಖ ಒಮ್ಮೆಲೇ ಇಳಿಯಿತು. ತಾನು ಗೆದ್ದದ್ದು ಏನನ್ನು ಎಂದು ಅವಳಿಗೆ ಆಗ ಹೊಳೆಯಿತು. "ಅಯ್ಯೋ, ಬೇಡಿ ರಬ್ಬೀ! ಏನೋ ಸಿಟ್ಟಿಗೆ ಬಾಯಿಗೆ ಬಂದದ್ದು ಅಂದೆ. ಇದು ನಮ್ಮಂಥ ಕೂಲಿಯವ್ರು ತಿನ್ನೋದು. ಊರಲ್ಲಿ ನಾಯಿಗೂ ಹಾಕ್ತೀವಿ. ಸೆನ್ಯೋರಾ ಇನ್ನೊಂದ್ಸಲ ಬಿದ್ರೆ ಯಾರು ಜವಾಬ್ದಾರಿ?"

"ಬಾಯ್ಮುಚ್ಚೇ," ಎಂದಳು ಸರೀನಾ. "ಹತ್ತೊಂಬತ್ತು ವರ್ಷದಿಂದ ನೀನು ಮಾಡಿ ಹಾಕಿದ್ದನ್ನ ತಿಂತಿದೀನಿ. ನಾಯಿಗೆ ಹಾಕೋದು ಅಂತ ನನ್ನೆದುರೇ ಹೇಳ್ತೀಯಾ?"

"ನಿಮ್ಮ ಮಂಡಿ ಸಲುವಾಗಿ ಅಂದೆ."

"ನನ್ನ ಮಂಡಿಗೋಸ್ಕರ ನೀನು ಸುಳ್ಳು ಹೇಳ್ಬೇಡ. ಒಲೆ ಹಚ್ಚೋಕೆ ನಂಗೇನು ಕಷ್ಟ? ಕಷ್ಟ ಇರೋದು ಮೆಟ್ಟಿಲಲ್ಲಿ." ಸರೀನಾ ಮೇಜು ಹಿಡಿದು ಎದ್ದು ನಿಂತಳು. "ಇವತ್ತಿಂದ ನಾನು ಕೆಳಗೇ ಮಲಗ್ತೀನಿ. ಒಲೆ ಪಕ್ಕದಲ್ಲೇ ನಿನ್ನ ಕೋಣೆ ಇದೆ. ನೀನು ಮೇಲೆ ಹೋಗಿ ನನ್ನ ಮಂಚದಲ್ಲಿ ಮಲಗು."

"ಏನ್ ಮಾತು ಸೆನ್ಯೋರಾ! ನಿಮ್ಮ ಮಗಳು ನನ್ನ ಕೊಂದೇ ಬಿಡ್ತಾರೆ."

"ಅವಳಿಗೆ ನಾನು ಹೇಳ್ಕೋತೀನಿ."

ತೊಮಾಸಾ ದಾರಿಗೆ ಅಡ್ಡ ನಿಂತಳು. "ಅದು ನಿಮಗೆ ಸರಿಹೋಗಲ್ಲ. ಬೇಡಿ. ಅಲ್ಲೆಲ್ಲ ಸಾಮಾನು ಹರಡಿದೀನಿ."

ಸರೀನಾ ಅವಳನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದುಕೊಂಡು ಅಡುಗೆಮನೆಯ ಹಿಂದಿನ ಕಿರುಬಾಗಿಲು ತಳ್ಳಿದಳು. ಮನೆ ಕಟ್ಟಿಸಿದ್ದು ಅವಳ ಗಂಡ. ಆದರೂ ಆ ಬಾಗಿಲು ದಾಟುವ ಪ್ರಸಂಗ ಅವಳಿಗೆ ಇದುವರೆಗೆ ಬಂದಿರಲಿಲ್ಲ. ಏನಾದರೂ ಬೇಕಾದರೆ ಇಲ್ಲಿಂದಲೇ ಕೂಗುತ್ತಿದ್ದಳು, ತೊಮಾಸಾ ಹೊರಗೆ ಬರುತ್ತಿದ್ದಳು.

ಹೊರಗೆ ಇಬ್ಬರೂ ಕಾದರು. ರಬ್ಬಿ ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತಿದ್ದ. ತೊಮಾಸಾ ಹೆಂಚಿನ ಕಡೆ ಮುಖ ಮಾಡಿ ನಿಂತಿದ್ದಳು. ಒಳಗೆ ಮಂಚ ಕಿರುಗುಟ್ಟಿತು. ಸ್ವಿಚ್ಚಿನ ಸದ್ದಾಯಿತು. ಕಡೆಗೆ ಸರೀನಾಳ ದನಿ ಬಂತು, ಮೊದಲಿಗಿಂತ ಸಣ್ಣದಾಗಿ:

"ತೊಮಾಸಾ, ಇಲ್ಲಿ ಕಿಟಕೀನೇ ಇಲ್ವಲ್ಲೇ?"